ಬಂದೂಕಿಗೆ ವೀಳ್ಯ

ಹಿತ್ತಾಳೆ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಮಡಿಕೆ ಬಿಚ್ಚದ ಒಂದು ಟವೆಲ್ಲು ಇಟ್ಟುಕೊಂಡು ಹೆಬ್ಬಳ್ಳಿಯ ಓಣಿಯಲ್ಲಿ ಹೆಂಗಸೊಬ್ಬಳು ಹೊರಟಳೆಂದರೆ, ಎಲ್ಲಿಗೆ ಎಂದು ಯಾರೂ ಕೇಳಬೇಕಾಗಿಲ್ಲ. ಆದರೂ ಎಲ್ಲರೂ ಕೇಳುತ್ತಾರೆ. ಕೇಳುವುದೇ ಒಂದು ಮರ್ಯಾದೆ. ಅಬೀದಾ ತನ್ನ ಮನೆಯ ಹೊಸ್ತಿಲು ದಾಟಿ ಎದುರಿನ ಕಟ್ಟೆ ಮುಟ್ಟುವಷ್ಟರಲ್ಲೇ ದೇವಕ್ಕ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು, ‘ಬಂದೂಕಿಗೆ ಹೇಳಾಕ ಹೊಂಟಿಯೇನ ಬೇ?’ ಎಂದಳು. ಅಬೀದಾ ಹೂಂ ಎಂದಳು. ಅಂದ ಮೇಲೆ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು. ಗಾದಿ ಹೊಲಿಸುವವರು ನಾಳೆಯೇ ಬೇಕು ಎಂದರೆ ಹೂಂ, ಅರಳೆ ಕಡಿಮೆ ಹಾಕಿದ್ದೀಯ ಎಂದು ಸುಳ್ಳೇ ಗದರಿದರೂ ಹೂಂ, ಓಣಿಯ ಹೆಂಗಸರು ಅವಳ ಮದುವೆಯ ಕಥೆ ಹೇಳಿಕೊಂಡು ನಗುವಾಗಲೂ ಹೂಂ. ಅದೊಂದು ದಿನ, ಅನ್ನಬೇಕಾದಲ್ಲಿ ಮಾತ್ರ ಅನ್ನಲಾಗಲಿಲ್ಲ. ಇವತ್ತು ಹೋಗಿ ಹೇಳಬೇಕಾದದ್ದು ಬ್ಯಾಡ ಎಂಬ ಎರಡಕ್ಷರ. ಅದನ್ನು ಬೆಳಿಗ್ಗೆಯಿಂದ ಒಲೆಯ ಮುಂದೆ, ನೀರಿನ ಕೊಡದ ಮುಂದೆ ಹೇಳಿ ಹೇಳಿ ನೋಡಿದ್ದಳು. ಒಲೆಯ ಮುಂದೆ ಸಲೀಸಾಗಿಯೇ ಬಂದಿತ್ತು.

ಹೊಳೆಯಪ್ಪ ಗೌಡರ ಮನೆಯಲ್ಲಿದ್ದದ್ದು ಊರಿಗೆಲ್ಲ ಒಂದೇ ಬಂದೂಕು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸಲೆಂದು ಅವರಪ್ಪನ ಕಾಲದಲ್ಲಿ ಸಿಕ್ಕ ಲೈಸೆನ್ಸು. ಅದರ ಭಯ ಹಂದಿಗಳಿಗೆ ಎಷ್ಟಿತ್ತೋ ಹಂದಿಗಳೇ ಹೇಳಬೇಕು. ಊರಿನ ಮದುವೆಗಳು ಮಾತ್ರ ಅದಿಲ್ಲದೆ ನಡೆಯುತ್ತಿರಲಿಲ್ಲ. ಲಿಂಗಾಯತರದಿರಲಿ, ಕುರುಬರದಿರಲಿ, ಅಬೀದಾಳಂಥ ಗಾದಿ ಹೊಲಿಯುವ ನದಾಫರದಿರಲಿ, ಲಗ್ನ ಕೂಡಿತೆಂದು ಊರಿಗೆ ಸಾರಲು ಗೌಡರು ತಮ್ಮ ಮಾಳಿಗೆ ಏರಿ ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಹಿಂದೂಗಳಲ್ಲಿ ಅಕ್ಷತೆ ಬಿದ್ದಾಗ. ಮುಸಲ್ಮಾನರಲ್ಲಿ, ಒಳಗೆ ಕೂತ ಹೆಣ್ಣು ಕಬೂಲ ಎಂದಾಗ. ಅವಳು ಒಪ್ಪಿದಳೆಂದು ತಿಳಿಸಲು ಅವಳ ಕಡೆಯ ಹಿರಿಯ ಬಾಗಿಲಿಗೆ ಬಂದು ಬಿಳಿ ದಸ್ತಿ ಬೀಸುತ್ತಾನೆ, ಮಾಳಿಗೆಯ ಮೇಲಿಂದ ಗೌಡರು ನೋಡುತ್ತಾರೆ, ಢಂ ಎನ್ನುತ್ತದೆ. ಇದಕ್ಕೆ ಬಂದೂಕನ್ನು ಬೇರೆಯಾಗಿಯೇ ಕರೆಯಬೇಕು, ಹೆಣ್ಣಿನ ತಾಯಿಯೇ ಕರೆಯಬೇಕು. ಒಳಕೋಣೆಯ ಗೋಡೆಯ ಎರಡು ಗೂಟಗಳ ಮೇಲೆ ಅದು ಮಲಗಿರುತ್ತದೆ. ಅದರ ಕೆಳಗೆ ತಟ್ಟೆ ಇಟ್ಟು, ಮನುಷ್ಯರಿಗೆ ಹೇಳಿದ ಹಾಗೆಯೇ ಲಗ್ನಕ್ಕೆ ಬರಬೇಕು ಎಂದು ಹೇಳಿ ಬರಬೇಕು. ಚುನಾವಣೆ ಬಂದಾಗ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದಲ್ಲ, ಹಿಂದಿನ ಸಲ ಅದೇ ಹೊತ್ತಿಗೆ ಎರಡು ಮನೆಯ ಲಗ್ನ ಬಂತು. ಆ ತಾಯಂದಿರು ಬಂದು ಬರೀ ಗೂಟಗಳಿಗೇ ವೀಳ್ಯ ಕೊಟ್ಟು ಹೋದರು. ಗೂಟಗಳು ಲಗ್ನಕ್ಕೆ ಬರಲಿಲ್ಲವೆನ್ನಿ. ಆ ಎರಡು ಲಗ್ನಗಳು ಸಪ್ಪಗಾದವು ಎಂದು ಊರು ಇವತ್ತಿಗೂ ಹೇಳುತ್ತದೆ.

ಹಿಟ್ಟಿನ ಗಿರಣಿಯ ಹತ್ತಿರ ಮೂವರು ಕೇಳಿದರು. ಅಬೀದಾ ಮೂವರಿಗೂ ಹೂಂ ಎಂದಳು. ಗಿರಣಿಯ ಪಕ್ಕದ ಚಹಾದಂಗಡಿಯಲ್ಲಿ ಗಂಡಸರ ಬಾಯಲ್ಲಿ ಅದೇ ವಿಷಯ. ಉತ್ತರದ ಕಡೆ ಎಲ್ಲೋ ಮದುವೆಯ ಮೆರವಣಿಗೆಯಲ್ಲಿ ಹಾರಿಸಿದ ಗುಂಡು ವರನ ತಮ್ಮನ ಎದೆಗೇ ಹೊಕ್ಕ ವಿಡಿಯೋ ಒಂದು ಎಲ್ಲರ ಫೋನಿಗೂ ಬಂದಿತ್ತು. ಸಂಭ್ರಮವೆಂದು ಮಂದಿಯ ನಡುವೆ ಗುಂಡು ಹಾರಿಸಿದರೆ, ಲೈಸೆನ್ಸ್ ಇದ್ದರೂ ಜೈಲೇ ಎಂದು ಕಾನೂನು ಆಗಿದೆಯಂತೆ ಎಂದು ಒಬ್ಬ ಹೇಳಿದರೆ, ಕಾನೂನು ಶಹರದವರಿಗೆ, ಹಂದಿಗೆ ಕಾನೂನು ತಿಳಿಯುತ್ತದೇನು, ಮನೆಗೊಂದು ಬಂದೂಕು ಕೊಡಬೇಕು ಎಂದು ಇನ್ನೊಬ್ಬ. ಇರುವ ಒಂದೇ ಸಾಕಾಗಿದೆ, ಮನೆಗೊಂದು ಕೊಟ್ಟರೆ ಹೊಲದ ಬಾಂದಿನ ಜಗಳಕ್ಕೆಲ್ಲ ಹೆಣ ಬೀಳುತ್ತದೆ ಎಂದು ಮತ್ತೊಬ್ಬ. ಈ ಮೂವರಲ್ಲಿ ಯಾರೂ ಬಂದೂಕನ್ನು ಕೈಯಲ್ಲಿ ಹಿಡಿದವರಲ್ಲ. ಹಿಡಿಯದವರ ಅಭಿಪ್ರಾಯ ಯಾವಾಗಲೂ ಗಟ್ಟಿ. ಆದರೆ ತಟ್ಟೆ ಹಿಡಿದು ಅಬೀದಾ ಕಾಣಿಸಿಕೊಂಡದ್ದೇ ಮೂವರೂ ಒಂದಾದರು. ನೋಡು, ನಮ್ಮ ಊರೆಂದರೆ ಇದು, ಗೌಡರ ಬಂದೂಕಿಗೆ ಜಾತಿ ಇಲ್ಲ ಎಂದು ಒಬ್ಬ ಹೇಳಿದ, ಉಳಿದವರು ತಲೆ ಆಡಿಸಿದರು. ಅಬೀದಾ ಸೆರಗು ಸರಿಮಾಡಿಕೊಂಡು ನಕ್ಕಳು. ಕೈಯಲ್ಲಿನ ತಟ್ಟೆ ಒಮ್ಮೆಲೇ ಭಾರವಾಯಿತು.

ಭಾರವಾದದ್ದು ಅದೇ ಮಾತಿಗೆ. ಅವಳ ಚಿಕ್ಕಪ್ಪ ಅಹಮದಸಾಬ ನಿನ್ನೆ ಸಂಜೆ ಇದನ್ನೇ ಹೇಳಿದ್ದ. ಮನೆಯಲ್ಲಿ ಹೀಗೆ ಸುಮ್ಮನೆ, ಮಗಳು ಬುಶ್ರಾಳ ಲಗ್ನ ಬಂದೂಕು ಇಲ್ಲದಿದ್ದರೆ ಆಗುವುದಿಲ್ಲವೇ ಎಂದು ಅವಳು ಗಾಳಿಗೆ ಮಾತು ತೇಲಿಬಿಟ್ಟಿದ್ದಳು. ಅವನು ಚಹಾದ ಬಸಿ ಕೆಳಗಿಟ್ಟು ಅವಳನ್ನೇ ನೋಡಿದ್ದ. ಈಗಿನ ದಿನಗಳು ಎಂಥವೆಂದು ನಿನಗೆ ಗೊತ್ತಿಲ್ಲವೇ, ಅವರಾಗಿ ಕೊಡುವ ಮರ್ಯಾದೆಯನ್ನು ನಾವಾಗಿ ಒಲ್ಲೆ ಎಂದರೆ ಏನರ್ಥ ಬರುತ್ತದೆ, ಊರಿನ ಬಾಯಿಗೆ ಬೀಗ ಹಾಕಲಾದೀತೇ ಎಂದಿದ್ದ. ಗಂಡ ಮುಜಾಫರ ಉಗುರಿನ ಸಂದಿಯ ಗ್ರೀಸು ತೆಗೆಯುತ್ತ ಕೂತಿದ್ದ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೇಥು ಯಂತ್ರ ತಿರುಗಿಸುವ ಮನುಷ್ಯ. ಹೇಳಿದ ಅಳತೆಗಿಂತ ಕೂದಲೆಳೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಮಾತಿನಲ್ಲೂ ಹಾಗೆಯೇ. ಮಲಗುವ ಮುಂಚೆ ಮಾತ್ರ, ಊರನ್ನು ಎದುರು ಹಾಕಿಕೊಳ್ಳುವುದು ಬೇಡ ಎಂದ. ಅಮರಗೋಳದ ಬೀಗರು ಬೇರೆ, ಹೆಬ್ಬಳ್ಳಿಯ ಗುಂಡು ಕೇಳಬೇಕೆಂದೇ ಎರಡು ಟೆಂಪೋ ಮಾಡಿಕೊಂಡು ಬರುತ್ತಾರಂತೆ. ಇವರೆಲ್ಲರ ನಡುವೆ ಅವಳ ಬಯಕೆ ಎಷ್ಟು ಸಣ್ಣದೆಂದರೆ, ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೇ ನಾಚಿಕೆ. ಅವಳ ಲಗ್ನದ ದಿನ ಬಿಸಿಲು ಹೇಗಿತ್ತೆಂದರೆ ಕೋಣೆಯ ಗೋಡೆ ಕೂಡ ಬೆವರುತ್ತಿತ್ತು. ಮುಖದ ಮೇಲೆ ಹೂವಿನ ಸೆಹರಾ, ಅದರೊಳಗಿಂದ ಹೆಂಗಸರ ಕಾಲ್ಬೆರಳುಗಳು ಮಾತ್ರ ಕಾಣುತ್ತಿದ್ದವು. ಹದಿನೆಂಟು ತುಂಬಿತ್ತು. ಹುಡುಗ ಅದೇ ಊರಿನವನು, ಹಿಂದಿನ ಓಣಿಯವನು, ಬೇಡವೆನ್ನಲು ಕಾರಣವಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ. ಮೂರು ಸಲ ಕೇಳುತ್ತಾರಲ್ಲ, ಮೂರನೆಯ ಸಲದವರೆಗೂ ಬಾಯಿ ಬಿಡಬಾರದು. ಕಾಜಿ ಕಾಯಲಿ, ಹುಡುಗ ಕಾಯಲಿ, ಮಾಳಿಗೆಯ ಮೇಲೆ ಗೌಡರು ಕಾಯಲಿ, ಎಂದೂ ತನ್ನನ್ನು ಏನೂ ಕೇಳದ ಊರು ತನ್ನದೊಂದು ಮಾತಿಗಾಗಿ ಬಿಸಿಲಲ್ಲಿ ನಿಂತು ಕಾಯಲಿ. ಅಹಮದಸಾಬ ಎದುರಿಗೆ ಕೂತು ಹುಡುಗನ ಹೆಸರು ಹೇಳಿ, ಅವನು ಕೊಡುವ ಮಹರಿನ ಹಣ ಹೇಳಿ, ಒಪ್ಪಿಗೆಯೇನವ್ವಾ ಎಂದು ಮೊದಲನೆಯ ಸಲ ಕೇಳಿದ. ಅವಳು ಸುಮ್ಮನಿದ್ದಳು. ಒಳಗೊಳಗೇ ನಗು ಬರುತ್ತಿತ್ತು. ಸೆಕೆ ತಾಳಲಾರದೆ ಅಹಮದಸಾಬ ಎದ್ದು ಒಂದು ಗಳಿಗೆ ಬಾಗಿಲಿಗೆ ಹೋದ, ಜೇಬಿನಿಂದ ದಸ್ತಿ ತೆಗೆದು ಕೊರಳು ಒರೆಸಿ, ಬೆವರು ಕೊಡವಿದ. ಢಂ ಎಂದಿತು.

ಮುಬಾರಕ ಮುಬಾರಕ ಎಂದು ಹೆಂಗಸರು ಅವಳನ್ನು ತಬ್ಬಿಕೊಂಡರು. ಹೊರಗೆ ಖರ್ಜೂರ ತೂರುವುದು ಕೇಳಿಸಿತು. ಅಹಮದಸಾಬ ಬಾಗಿಲಲ್ಲಿ ಕೈಯಲ್ಲಿ ದಸ್ತಿ ಹಿಡಿದುಕೊಂಡು, ಮಾಡಿದ ತಪ್ಪು ತಿಳಿದು, ಒಳಗೂ ಬರದೆ ಹೊರಗೂ ಹೋಗದೆ ನಿಂತಿದ್ದ. ಕಡೆಗೆ, ‘ಆತು ಬಿಡು, ಗುಂಡ ಹಾರೇತಿ, ಇನ್ನೇನ ಕೇಳೂದು’ ಎಂದ. ಸುಮ್ಮನಿದ್ದರೂ ಒಪ್ಪಿದ ಹಾಗೆಯೇ ಎಂದು ಮುದುಕಿಯೊಬ್ಬಳು ತೀರ್ಪು ಕೊಟ್ಟಳು. ಅಷ್ಟೇ ಆದದ್ದು. ಅವಳನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಗಂಡ ಒಳ್ಳೆಯವನು, ಹಸಿವೆಂದರೇನೆಂದು ತೋರಿಸಿದವನಲ್ಲ. ಅವಳಿಗೆ ಬಂದೂಕೇ ಹೂಂ ಅಂತು ಎಂಬ ಮಾತು ಅಂದಿನಿಂದ ಹೆಂಗಸರಲ್ಲಿ ನಗೆಚಾಟಿಕೆಯಾಗಿ, ಪ್ರತಿ ಲಗ್ನದಲ್ಲೂ ಅರಿಸಿನ ಕುಟ್ಟುವಾಗ ಒಮ್ಮೆ ಹೊರಬೀಳುತ್ತಿತ್ತು, ಅವಳೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಆದರೆ ಗಂಡನ ಜೊತೆ ಏನಾದರೂ ಕಿರಿಕಿರಿಯಾದ ದಿನ, ರೊಟ್ಟಿ ಬಡಿಯುತ್ತ, ನಾನೆಲ್ಲಿ ಒಪ್ಪಿದ್ದೇನೆ ಎಂದುಕೊಳ್ಳುವುದು ಅವಳಿಗೆ ರೂಢಿಯಾಗಿತ್ತು. ಅಂದುಕೊಂಡ ಮೇಲೆ, ಇಂಥವನ ಉಪ್ಪುಂಡು ಇಂಥ ಮಾತೇ ಎಂದು ಎದೆ ಚುಚ್ಚುತ್ತಿತ್ತು. ಅವತ್ತು ಮೂರನೆಯ ಸಲ ಕೇಳಿದ್ದರೆ ಹೂಂ ಅನ್ನುತ್ತಿದ್ದಳೋ ಇಲ್ಲವೋ, ಖರೇ ಹೇಳಬೇಕೆಂದರೆ ಅವಳಿಗೂ ಗೊತ್ತಿಲ್ಲ. ಅದು ಗೊತ್ತಾಗದೇ ಹೋದದ್ದೇ ಅವಳ ಸಂಕಟ. ಬುಶ್ರಾಳಿಗೂ ಹಾಗಾಗಬಾರದು. ಮಗಳು ಹೂಂ ಅನ್ನಲಿ, ಅದು ಅವಳ ಬಾಯಿಂದಲೇ ಬರಲಿ, ಬಂದದ್ದು ಹೊರಗಿನವರ ಕಿವಿಗೂ ಬೀಳಲಿ. ಇದಕ್ಕಿಂತ ದೊಡ್ಡ ಕಾರಣವೇನೂ ಅವಳಲ್ಲಿರಲಿಲ್ಲ.

ಗೌಡರ ಪಡಸಾಲೆಯಲ್ಲಿ ಹೊಳೆಯಪ್ಪ ಮಂಚದ ಮೇಲೆ ಅಂಗಿ ಬಿಚ್ಚಿ ಕೂತು ಬಲಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವರ ತಮ್ಮನ ಮಗ ಬೀರಲಿಂಗ, ಅಮರಗೋಳದ ಮಾರುಕಟ್ಟೆಗೆ ಮೆಣಸಿನಕಾಯಿ ಸಾಗಿಸುವ ಪಿಕಪ್ಪಿನ ಮಾಲೀಕ, ಕಂಬಕ್ಕೊರಗಿ ಫೋನು ನೋಡುತ್ತಿದ್ದ. ದೊಡ್ಡಪ್ಪನ ಭುಜ ಸೋತ ಮೇಲೆ ಮಾಳಿಗೆ ಏರುವುದು ತಾನೇ ಎಂದು ಅವನು ಊರ ತುಂಬ ಹೇಳಿಕೊಂಡಿದ್ದ, ಲೈಸೆನ್ಸು ಅವನ ಹೆಸರಿನಲ್ಲಿ ಇಲ್ಲದಿದ್ದರೂ. ಗೌಡರ ಹೆಂಡತಿ ಭುವನೇಶ್ವರಿ ಅಬೀದಾಳನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಅರೆಗತ್ತಲು, ಕರ್ಪೂರದ ವಾಸನೆ. ಗೂಟಗಳ ಮೇಲೆ ಕುಂಕುಮ ಹಚ್ಚಿಸಿಕೊಂಡು ಅದು ಮಲಗಿತ್ತು. ಇಷ್ಟೇ ಇಷ್ಟು ಉದ್ದ. ಅಬೀದಾ ತಟ್ಟೆ ಹಿಡಿದು ಅದರ ಎದುರಿಗೆ ನಿಂತಳು. ತುಟಿ ಬಿಚ್ಚುವ ಮುಂಚಿನ ಅದೇ ಗಳಿಗೆ, ಅದೇ ಸೆಕೆ. ಈಗ ಸುಮ್ಮನಿದ್ದು ತಟ್ಟೆ ಕೆಳಗಿಟ್ಟರೆ ಯಾರ ಮನಸ್ಸೂ ಮುರಿಯುವುದಿಲ್ಲ, ಅವಳದೊಂದು ಬಿಟ್ಟು. ಸುಮ್ಮನಿದ್ದರೂ ಒಪ್ಪಿದ ಹಾಗೆಯೇ. ಬಾಗಬೇಕೆಂದು ಮೊಣಕಾಲು ಸಡಿಲ ಬಿಟ್ಟವಳು ಬಾಗಲಿಲ್ಲ. ಸರಕ್ಕನೆ ತಿರುಗಿ, ತಟ್ಟೆ ಹಿಡಿದುಕೊಂಡೇ ಪಡಸಾಲೆಗೆ ಬಂದು, ಅದನ್ನು ಹೊಳೆಯಪ್ಪ ಗೌಡರ ಕಾಲಿನ ಹತ್ತಿರ ಇಟ್ಟಳು. ಹಾಗೆ ಯಾರೂ ಎಂದೂ ಮಾಡಿರಲಿಲ್ಲ.

‘ನಿಮಗ ಹೇಳಾಕ ಬಂದೇನಿರಿ ಗೌಡ್ರ. ನೀವು ಬರ್ರಿ, ಅಕ್ಕಾರನ್ನ ಕರಕೊಂಡು ಬರ್ರಿ. ಅದು ಬ್ಯಾಡ.’

ಬೀರಲಿಂಗ ಫೋನಿನಿಂದ ತಲೆ ಎತ್ತಿದ. ಅದು ಎಂದರೆ ಯಾವುದು ಎಂದು ಕೇಳಿದ, ಗೊತ್ತಿದ್ದೂ. ಬಂದೂಕು ಎಂದಳು ಅಬೀದಾ. ಅವನು ನಗಲಿಲ್ಲ. ಯಾರು ಹೇಳಿಕೊಟ್ಟರು ಎಂದ, ಹಿರಿಯರ ಕಾಲದಿಂದ ನಡೆದು ಬಂದದ್ದು ಎಂದ, ಊರು ಕೇಳಿದರೆ ಏನು ಹೇಳಬೇಕು ಎಂದ. ಆಮೇಲೆ ದನಿ ತಗ್ಗಿಸಿ, ‘ನಮ್ಮ ಬಂದೂಕು ನಿಮಗ ಯಾವಾಗಿಂದ ಬ್ಯಾಡಾತು?’ ಎಂದ. ಆ ನಮ್ಮ, ಆ ನಿಮಗ. ಅಹಮದಸಾಬ ಹೆದರಿದ್ದು ಈ ಎರಡು ಮಾತಿಗೇ. ನಿನ್ನೆಯವರೆಗೆ ಊರಿಗೆಲ್ಲ ಒಂದೇ ಇದ್ದ ಬಂದೂಕು ಒಂದು ಗಳಿಗೆಯಲ್ಲಿ ಎರಡಾಗಿ ನಿಂತಿತು, ನಿಲ್ಲಿಸಿದವಳು ಅವಳು. ಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿತು. ಹೊಳೆಯಪ್ಪ ಗೌಡರು ಅಂಗೈಯ ಎಣ್ಣೆಯನ್ನು ಧೋತರದ ಅಂಚಿಗೆ ಒರೆಸಿಕೊಂಡು, ಅಣ್ಣನ ಮಗಳನ್ನು ಕೇಳುವ ಹಾಗೆ, ನಮ್ಮಿಂದ ಏನಾದರೂ ತಪ್ಪಾಗಿದೆಯೇನವ್ವಾ ಎಂದು ಕೇಳಿದರು. ಅವರು ಗದರಿದ್ದರೆ ಅವಳು ಅಂಜಿ ಏನಾದರೂ ಸುಳ್ಳು ಹೇಳುತ್ತಿದ್ದಳೋ ಏನೋ, ವಿಡಿಯೋದ ಮಾತು, ಕಾನೂನಿನ ಮಾತು. ಅಷ್ಟು ಮೆತ್ತಗೆ ಕೇಳಿದ ಮೇಲೆ ಸುಳ್ಳು ಬರಲಿಲ್ಲ.

‘ನನ್ನ ಲಗ್ನದಾಗ ನೀವು ಗುಂಡು ಹಾರಿಸಿದ್ರಲ್ಲರಿ, ಅವಾಗ ನಾ ಇನ್ನೂ ಹೂಂ ಅಂದಿರ್ಲಿಲ್ಲರಿ.’

ಗೌಡರಿಗೆ ತಿಳಿಯಲಿಲ್ಲ. ಅಹಮದಸಾಬ ದಸ್ತಿ ಬೀಸಿದನಲ್ಲ, ನಾನೇ ಕಣ್ಣಾರೆ ನೋಡಿದೆನಲ್ಲ ಎಂದರು. ಬೆವರು ಒರೆಸಿಕೊಂಡು ಕೊಡವಿದರು ಎಂದಳು ಅಬೀದಾ. ಒಳಬಾಗಿಲಲ್ಲಿ ನಿಂತಿದ್ದ ಭುವನೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಹೊರಗೆ ಬಂದೇಬಿಟ್ಟಿತು. ಇಷ್ಟು ವರ್ಷ ಊರಿನ ಹೆಂಗಸರ ಬಾಯಲ್ಲಿ ಓಡಾಡಿದ ಮಾತು ಒಂದು ದಿನವೂ ಹೊಸ್ತಿಲು ದಾಟಿ ಗಂಡಸರ ಕಡೆಗೆ ಬಂದಿರಲಿಲ್ಲ. ನಿನಗೆ ಗೊತ್ತಿತ್ತೇನು ಎಂದು ಗೌಡರು ಹೆಂಡತಿಯನ್ನು ಕೇಳಿದರು. ಊರಿನ ಎಮ್ಮೆಗಳಿಗೂ ಗೊತ್ತಿದೆ ಎಂದಳು ಅವಳು. ಗೌಡರು ತಮ್ಮ ಭುಜ ಹಿಡಿದುಕೊಂಡರು. ಒಂದೊಂದು ಲಗ್ನವಾದ ಮೇಲೂ ವಾರಗಟ್ಟಲೆ ಆ ಕೈ ಎತ್ತಲು ಬರುತ್ತಿರಲಿಲ್ಲವೆಂದೂ, ಹಾರಿಸುವ ಹೊತ್ತಿಗೆ ಯಾವ ಮಾಳಿಗೆಯ ಮೇಲೆ ಯಾರು ನಿಂತಿದ್ದಾರೋ ಎಂದು ಕಾಲು ನಡುಗುತ್ತಿದ್ದವೆಂದೂ ಅವರು ಹೇಳಿದರು. ಹೀಗೆ ಹೇಳುವಾಗ ಅಬೀದಾಳನ್ನು ನೋಡಲಿಲ್ಲ, ಬೀರಲಿಂಗನನ್ನೂ ನೋಡಲಿಲ್ಲ.

‘ಊರಿಗೆ ಬೇಕು ಅಂತ ನಾ ಹಾರಸ್ತಿದ್ದೆ’ ಎಂದರು.

‘ನಿಮಗ ಬೇಕು ಅಂತ ಊರು ಸುಮ್ಮ ಇತ್ತು’ ಎಂದಳು ಭುವನೇಶ್ವರಿ.

ಗೌಡರು ತಟ್ಟೆಯಿಂದ ತೆಂಗಿನಕಾಯಿ ಎತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ವೀಳ್ಯ ಹಿಡಿದ ಹಾಗಾಯಿತು. ಹಂದಿಗೆಂದು ಕೊಟ್ಟದ್ದು ಹಂದಿಗೇ ಇರಲಿ, ಲಗ್ನಕ್ಕೆ ನಾನೊಬ್ಬನೇ ಬರುತ್ತೇನೆ ಎಂದರು. ಬೀರಲಿಂಗ ಚಪ್ಪಲಿ ಮೆಟ್ಟಿಕೊಂಡು, ಹಾಗಾದರೆ ಆ ಸಪ್ಪೆ ಲಗ್ನಕ್ಕೆ ನಾನು ಬರುವುದಿಲ್ಲ, ಮಾಳಿಗೆಯ ಮೇಲೆ ನಿಂತು ನೋಡುತ್ತೇನೆ, ಎಷ್ಟು ಚಂದ ಆಗುತ್ತದೋ ಆಗಲಿ ಎಂದು ಹೊರಟುಹೋದ. ಅಬೀದಾ ಓಣಿಗೆ ಇಳಿದಾಗ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಗಿರಣಿಯ ಹತ್ತಿರ ಯಾರೋ ಏನೋ ಕೇಳಿದರು. ‘ಇಲ್ಲ’ ಎಂದಳು, ಏನು ಕೇಳಿದರೆಂದು ತಿಳಿಯದೆಯೇ. ಆ ಮಾತು ನಾಲಿಗೆಗೆ ರುಚಿಯಾಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಚಹಾದಂಗಡಿ ಎರಡು ಪಾಲಾಗಿತ್ತು. ಇವತ್ತು ಬಂದೂಕು ಬೇಡವೆಂದವರು ನಾಳೆ ಹಲಗೆ ಬಡಿಯುವುದೂ ಬೇಡ ಎಂದಾರು ಎಂದು ಕೆಲವರು ಕುದಿದರು. ನಮಗೂ ಅದು ಸೇರುತ್ತಿರಲಿಲ್ಲ, ಎಲ್ಲರಿಗೂ ಬೇಕೇನೋ ಎಂದು ಸುಮ್ಮನಿದ್ದೆವು ಎಂದು ಉಳಿದವರು. ಈ ಉಳಿದವರ ಸಂಖ್ಯೆ ಹೊತ್ತು ಮುಳುಗುತ್ತ ಬಂದಂತೆ ಬೆಳೆಯಿತು. ಮೊದಲಿಂದಲೂ ವಿರೋಧಿಸುತ್ತಿದ್ದೆ ಎಂದು ಹೇಳುವವರು ಎಷ್ಟು ಮಂದಿ ಹುಟ್ಟಿಕೊಂಡರೆಂದರೆ, ಹಾಗಿದ್ದರೆ ಇಷ್ಟು ವರ್ಷ ಬಂದೂಕನ್ನು ಯಾರು ಕರೆಯುತ್ತಿದ್ದರೋ ದೇವರಿಗೇ ಗೊತ್ತು. ದೇವಕ್ಕ ಬಂದು ಅಬೀದಾಳ ಕೈ ಹಿಡಿದು, ತನ್ನ ಗಬ್ಬದ ಎಮ್ಮೆ ಆ ಸಪ್ಪಳಕ್ಕೆ ದಿನ ತುಂಬುವ ಮೊದಲೇ ಕಂದು ಹಾಕಿದ್ದನ್ನು ಮೊದಲ ಸಲ ಹೇಳಿ ಅತ್ತಳು. ಅಹಮದಸಾಬ ಬಂದು, ತನ್ನ ದಸ್ತಿಯ ಮಾನವನ್ನು ಊರ ನಡುವೆ ಹರಾಜು ಹಾಕಿದಳೆಂದು ಬೈದು ಹೋದ. ಅಬೀದಾ ಎಲ್ಲವನ್ನೂ ಹಗುರವಾಗಿ ಕೇಳಿದಳು. ಅವಳ ಜೀವ ಹಿಡಿದುಕೊಂಡಿದ್ದು ಮುಜಾಫರ ಇಳಿಯುವ, ಧಾರವಾಡದಿಂದ ಬರುವ ಸಂಜೆಯ ಬಸ್ಸಿಗೆ. ಗೆದ್ದ ಉಬ್ಬಿನಲ್ಲಿ ಅಷ್ಟು ಹೊತ್ತು ತಲೆಗೇ ಹೊಳೆಯದ ಒಂದು ಮಾತು ಅವಳಿಗೆ ಈಗ ಹೊಳೆದಿತ್ತು. ಅವತ್ತು ಹೂಂ ಅನ್ನಲಿಲ್ಲ ಎಂದು ಅವಳು ಹೇಳಿದ್ದು ಬಂದೂಕಿನ ವಿಚಾರ. ಊರು ಕೇಳಿಸಿಕೊಂಡದ್ದು ಮುಜಾಫರನ ವಿಚಾರ.

ಮುಜಾಫರ ಬಂದವನೇ ಬಚ್ಚಲಿಗೆ ಹೋಗಿ ಕೈ ತೊಳೆದ. ಗ್ರೀಸು ಹೋದ ಮೇಲೂ ತೊಳೆಯುತ್ತಲೇ ಇದ್ದ. ಇಡೀ ಬಸ್ಸು ನಕ್ಕಿತು ಎಂದ, ಅವಳ ಕಡೆ ತಿರುಗದೆಯೇ. ಆಮೇಲೆ ತಂಬಿಗೆ ಕೆಳಗಿಟ್ಟು, ‘ಹಂಗಾರ ಇಷ್ಟ ವರ್ಷ ನೀ ನನ್ನ ಮನ್ಯಾಗ ಯಾರಾಗಿ ಇದ್ದಿ?’ ಎಂದು ಕೇಳಿದ. ಕೂಗಲಿಲ್ಲ. ಅಬೀದಾಳಿಗೆ ಅಲ್ಲೇ ಅವನ ಒದ್ದೆ ಕೈ ಹಿಡಿದುಕೊಂಡು ಏನಾದರೂ ಹೇಳಬೇಕೆನಿಸಿತು. ಆದರೆ ಕೇಳಿದ ತಕ್ಷಣ, ಹೆದರಿಕೆಗೆ ಕೊಟ್ಟ ಉತ್ತರ ಉತ್ತರವಾಗುತ್ತದೆಯೇ. ಅದೂ ಹೊತ್ತಿಗೆ ಮುಂಚೆ ಹಾರಿದ ಮತ್ತೊಂದು ಗುಂಡೇ. ಅವಳು ಟವೆಲ್ಲು ಚಾಚಿದಳು, ಅವನು ತೆಗೆದುಕೊಂಡ. ಲಗ್ನದವರೆಗೂ ಅವರ ನಡುವೆ ಅಕ್ಕಿ, ಪೆಂಡಾಲು, ಅಡುಗೆಯವರು ಇಷ್ಟರ ಮಾತೇ ನಡೆಯಿತು. ಅವಳು ಏಳುವ ಮುಂಚೆ ಎಂದಿನಂತೆ ನೀರು ತುಂಬಿಟ್ಟಿರುತ್ತಿದ್ದ. ಅದು ಅವಳನ್ನು ಹೆಚ್ಚು ಸುಟ್ಟಿತು. ಬುಶ್ರಾ ಒಂದು ಮಧ್ಯಾಹ್ನ ಮೆಹಂದಿಯ ಕೈ ಒಣಗಿಸಿಕೊಳ್ಳುತ್ತ, ನಿನ್ನನ್ನು ಮೂರು ಸಲ ಕೇಳುವ ತನಕ ಸುಮ್ಮನಿರು, ಊರು ಕಾಯಲಿ ಎಂದು ತಾಯಿ ಹೇಳಿದ್ದಕ್ಕೆ, ಯಾಕೆ, ಅಯಾಜನ್ನ ನೋಡಿದಾಗಲೇ ಹೇಳಿ ಆಗಿದೆಯಲ್ಲ ಎಂದು ನಕ್ಕುಬಿಟ್ಟಳು. ಅಯಾಜ ಅಂದರೆ ಮದುಮಗ. ಬುಶ್ರಾ ಧಾರವಾಡದ ಬಟ್ಟೆಯಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ, ಗಿರಾಕಿ ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಟ್ಟು ಕಳಿಸುವ ಅಭ್ಯಾಸ. ಮಗಳಿಗೆ ಬೇಡದ ಬಯಕೆಗಾಗಿ ಊರನ್ನೂ ಗಂಡನನ್ನೂ ಕಳೆದುಕೊಂಡೆನೇ ಎಂದು ಅಬೀದಾಳಿಗೆ ಕಳವಳವಾಯಿತು.

ಲಗ್ನದ ದಿನ ಪೆಂಡಾಲಿನ ಮುಂದಿನ ಸಾಲಿನಲ್ಲಿ ಹೊಳೆಯಪ್ಪ ಗೌಡರು ತಲೆಗೆ ಬಿಳಿ ಪಟಕ ಸುತ್ತಿಕೊಂಡು ಬರಿಗೈಯಲ್ಲಿ ಕೂತಿದ್ದರು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಮೊಣಕಾಲ ಮೇಲೆ, ಒಮ್ಮೆ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಅಮರಗೋಳದ ಬೀಗರಿಗೆ ಯಾರೋ ವಿಷಯ ತಿಳಿಸಿದ್ದರು, ಅವರ ಮುಖ ಸ್ವಲ್ಪ ಇಳಿದಿತ್ತು. ಒಳಗೆ ಹೆಂಗಸರ ನಡುವೆ ಕೂತ ಅಬೀದಾಳಿಗೆ ಕಿಟಕಿಯಿಂದ ಗೌಡರ ಮಾಳಿಗೆ ಕಾಣುತ್ತಿತ್ತು, ಮಾಳಿಗೆಯ ಮೇಲೆ ಬೀರಲಿಂಗ ಕಾಣುತ್ತಿದ್ದ. ಪೆಂಡಾಲಿನ ಮಂದಿಯೂ ಅವನನ್ನು ನೋಡಿದರು. ಅವನ ಕೈಯಲ್ಲಿ ಏನೂ ಇರಲಿಲ್ಲ, ಎದೆಯ ಮೇಲೆ ಕೈಕಟ್ಟಿ ನಿಂತಿದ್ದ ಅಷ್ಟೇ. ಆದರೆ ರೂಢಿ ಎಂಬುದು ದೊಡ್ಡದು. ಅಹಮದಸಾಬ ಸಾಕ್ಷಿಗಳೊಂದಿಗೆ ಒಳಗೆ ಕಾಲಿಟ್ಟದ್ದೇ, ಹೊರಗೆ ಕೂತ ಮಂದಿ ಎಲ್ಲ, ಕಾಜಿ ಸಹಿತ, ಎರಡೂ ಕಿವಿಗೆ ಬೆರಳಿಟ್ಟುಕೊಂಡರು.

ಅಹಮದಸಾಬ ಈ ಸಲ ದಸ್ತಿಯನ್ನೇ ತಂದಿರಲಿಲ್ಲ. ಬೆವರು ಹುಬ್ಬಿನಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಕೂತು, ಹುಡುಗನ ಹೆಸರು ಹೇಳಿ, ಮಹರು ಹೇಳಿ, ನಿನಗೆ ಒಪ್ಪಿ... ಎನ್ನುವಷ್ಟರಲ್ಲೇ ಬುಶ್ರಾ, ‘ಕಬೂಲ’ ಎಂದಳು. ಮಾತು ಮುಗ್ಗರಿಸಿದ ಅಹಮದಸಾಬ ಪ್ರಶ್ನೆಯನ್ನು ಪೂರ್ತಿ ಮಾಡಬೇಕೋ ಬೇಡವೋ ತಿಳಿಯದೆ ಸುತ್ತ ನೋಡಿದ. ಹೆಂಗಸರು ನಗಲು ಶುರುಮಾಡಿದರು. ಅಬೀದಾ ಮಗಳ ಮುಖವನ್ನೇ ನೋಡಿದಳು. ತಡಮಾಡುವುದರಲ್ಲಿ ತಾನು ಹುಡುಕಿದ್ದನ್ನು ಇವಳು ಆತುರದಲ್ಲಿ ಪಡೆದುಕೊಂಡಿದ್ದಳು, ಎರಡೂ ಒಂದೇ ಆಗಿತ್ತು. ಹೊರಗೆ ಮಾತ್ರ ಯಾರಿಗೂ ಏನೂ ತಿಳಿದಿರಲಿಲ್ಲ. ಕಿವಿಯಲ್ಲಿ ಬೆರಳು ಹಾಗೆಯೇ ಇತ್ತು, ಕಣ್ಣು ಮಾಳಿಗೆಯ ಕಡೆಗಿತ್ತು. ಏನಂದಳು, ಆಯಿತೋ ಇಲ್ಲವೋ ಎಂದು ಗುಜುಗುಜು. ಮಾಳಿಗೆಯ ಮೇಲಿಂದ ಬೀರಲಿಂಗ ಚೇಷ್ಟೆಯ ದನಿಯಲ್ಲಿ, ‘ಇಲ್ಲಿಗೆ ಏನೂ ಕೇಳಲಿಲ್ಲ ನೋಡ್ರಿ’ ಎಂದು ಕೂಗಿದ. ಬುಶ್ರಾ ಸೆಹರಾ ಸರಿಸಿ, ಎದ್ದು, ತಡೆಯಲು ಬಂದ ಮುದುಕಿಯರ ಕೈ ಬಿಡಿಸಿಕೊಂಡು ಕಿಟಕಿಯ ಸರಳು ಹಿಡಿದಳು. ‘ಕಬೂಲ’ ಎಂದಳು ಮಾಳಿಗೆಯ ಕಡೆ ಮುಖಮಾಡಿ. ಕಿವಿಯಿಂದ ಬೆರಳು ಒಂದೊಂದಾಗಿ ಇಳಿದವು. ಈಗ ಹೊಳೆಯಪ್ಪ ಗೌಡರೇ ಎದ್ದು ನಿಂತು, ವಯಸ್ಸಾದವರಿಗೂ ಕೇಳುವ ಹಾಗೆ ಇನ್ನೊಂದು ಸಲ ಅನ್ನು ತಾಯೀ ಎಂದರು. ಮೂರನೆಯ ಕಬೂಲ ಪೆಂಡಾಲು ದಾಟಿ, ಗಿರಣಿ ದಾಟಿ ಹೋಯಿತು. ಮಾಳಿಗೆಯ ಮೇಲೆ ಬೀರಲಿಂಗ ಸೋತವನಂತೆ ಎರಡೂ ಕೈ ಎತ್ತಿ, ಆಮೇಲೆ ತಡೆಯಲಾರದೆ ನಕ್ಕು, ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದ. ಊರಿಗೆ ಊರೇ ಕೂಗಿತು. ಅಮರಗೋಳದವರು ಎಲ್ಲರಿಗಿಂತ ಜೋರಾಗಿ ಕೂಗಿದರು; ಹೆಣ್ಣಿನ ಒಪ್ಪಿಗೆಯನ್ನು ಅವಳ ಬಾಯಿಂದಲೇ ಕೇಳಿದ್ದು ಅವರಿಗೂ ಅದೇ ಮೊದಲು. ಅಬೀದಾಳ ಎದೆ ಎಷ್ಟು ತುಂಬಿತೆಂದರೆ ಅಳುವೋ ನಗುವೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು.

ಖರ್ಜೂರದ ಬುಟ್ಟಿ ತರಲೆಂದು ಅವಳು ಹಿತ್ತಲಿಗೆ ಹೋದಾಗ ಅಲ್ಲಿ ಮುಜಾಫರ ನಿಂತಿದ್ದ. ಮಂದಿಯ ಎದುರು ಕಣ್ಣೀರು ಬಂದೀತೆಂದು ಈ ಕಡೆ ಬಂದಿದ್ದ, ಬಂದೂ ಬಿಟ್ಟಿತ್ತು. ಅವಳು ಬುಟ್ಟಿ ಎತ್ತಿಕೊಳ್ಳದೆ ನಿಂತಳು. ಅವನು ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ನೆಲ ನೋಡಿ, ಗೋಡೆ ನೋಡಿ, ಕಡೆಗೆ ಅವಳನ್ನು ನೋಡಿದ.

‘ನಾ ನಿನ್ನ ಕೇಳೇ ಇಲ್ಲಲ್ಲ’ ಎಂದ.

‘ಇಲ್ಲ’ ಎಂದಳು ಅಬೀದಾ.

‘ಈಗ ಕೇಳ್ಲೇನು?’

‘ಕೇಳ್ರಿ. ಮೂರ ಸಲ ಕೇಳಬೇಕ ಮತ್ತ.’

ಅವನು ಕೇಳಿದ. ಹೊರಗೆ ಯಾರೋ ಖರ್ಜೂರ ಎಲ್ಲಿ ಎಂದು ಕೂಗುತ್ತಿದ್ದರು. ಅವಳು ಸುಮ್ಮನಿದ್ದಳು. ಅವನು ತುಟಿ ಒದ್ದೆ ಮಾಡಿಕೊಂಡು ಎರಡನೆಯ ಸಲ ಕೇಳಿದ. ಅವನ ಹಣೆಯ ಮೇಲೆ ಬೆವರು ಮೂಡಿತು, ಒರೆಸಿಕೊಳ್ಳಲಿಲ್ಲ. ಹೊರಗಿನವರ ಕೂಗು ಹೆಚ್ಚಾಯಿತು, ಬುಟ್ಟಿಗಾಗಿ ಬೀಗರೂ ಊರಿನವರೂ ಗೌಡರೂ ಕಾಯುತ್ತಿದ್ದರು. ಅಬೀದಾ ಅವಸರವೇನೂ ಇಲ್ಲದವಳ ಹಾಗೆ ಬುಟ್ಟಿಯಿಂದ ಒಂದು ಖರ್ಜೂರ ಆರಿಸಿ, ಬೀಜ ತೆಗೆದು, ಬಾಯಿಗೆ ಹಾಕಿಕೊಂಡು, ನಿಧಾನವಾಗಿ ತಿನ್ನತೊಡಗಿದಳು.